ನವರಾತ್ರಿಯೊಳಗೆ ಮುಖಮಂಟಪದ ಚಾವಣಿ: ಭಕ್ತರಲ್ಲಿ ದೇಣಿಗೆಯ ಮನವಿ

ಭಗವದ್ಭಕ್ತರೇ,

ಆಶ್ವಯುಜ ಶುದ್ಧ ಪಾಡ್ಯದ ಘಟಸ್ಥಾಪನೆಗೆ ಇನ್ನು ಐದೇ ವಾರ ಉಳಿದಿದೆ. ಮುಖಮಂಟಪದ ಹಂಚಿನ ಚಾವಣಿ ಮಾತ್ರ ಹೋದ ವರ್ಷದಂತೆಯೇ ಈಗಲೂ ಸೋರುತ್ತಿದೆ.

ಹೋದ ನವರಾತ್ರಿಯಲ್ಲಿ ನಡೆದದ್ದನ್ನು ತಾವು ಕಣ್ಣಾರೆ ಕಂಡಿದ್ದೀರಿ. ಮೂರನೆಯ ರಾತ್ರಿ ಹಸ್ತ ಮಳೆ ಹಿಡಿದಾಗ ನೀರು ನೇರವಾಗಿ ಘಟದ ಸುತ್ತಲಿನ ಮಣ್ಣಿಗೇ ಇಳಿದು, ಆಗಷ್ಟೇ ಮೊಳಕೆಯೊಡೆದಿದ್ದ ನವಧಾನ್ಯ ಕೆಸರಿನಲ್ಲಿ ಕೊಳೆತುಹೋಯಿತು. ಅರ್ಚಕರು ನಂದಾದೀಪಕ್ಕೆ ಕೊಡೆ ಹಿಡಿದು ಬೆಳಗಿನ ಜಾವದವರೆಗೂ ಕುಳಿತಿದ್ದರು. ದೀಪವೇನೋ ಉಳಿಯಿತು, ದಶಮಿಯಂದು ಮುಡಿಗೇರಿಸಲು ಪ್ರಸಾದವಾಗಿ ಕೊಡುವ ಸಸಿ ಒಂದು ಹಿಡಿಯೂ ಉಳಿಯಲಿಲ್ಲ.

ಮಹಿಷಾಸುರನ ವಧೆಯನ್ನು ಎಲ್ಲರೂ ನೆನೆಯುತ್ತಾರೆ, ಘಟದ ಸಸಿಯ ಅರ್ಥವನ್ನು ನೆನೆಯುವವರು ಕಡಿಮೆ. ಹೊಲದಲ್ಲಿ ಪೈರು ತೆನೆಗಟ್ಟುವ ಕಾಲಕ್ಕೆ ಭೂಮಿಯ ಫಲವಂತಿಕೆಯನ್ನೇ ದೇವಿಯೆಂದು ಪೂಜಿಸುವ ಆಚರಣೆಯದು. ಮಳೆಯಿಲ್ಲದ ಕಾಲದಲ್ಲಿ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಲೋಕವನ್ನು ಸಲಹಿ ಶಾಕಂಭರಿಯೆನಿಸುವೆನೆಂದು ದೇವಿಯ ಮಹಿಮೆಯನ್ನು ಸಾರುವ ದುರ್ಗಾ ಸಪ್ತಶತಿಯ 11ನೆಯ ಅಧ್ಯಾಯದಲ್ಲಿ ದೇವಿಯೇ ನುಡಿಯುತ್ತಾಳೆ. ಅಂಥವಳ ಸನ್ನಿಧಿಯಲ್ಲಿ ಮಳೆ ನೀರಿನಿಂದಲೇ ಸಸಿ ಕೊಳೆತದ್ದು ನಮಗೆ ಇಂದಿಗೂ ನುಂಗಲಾರದ ತುತ್ತು.

ಬರಗಾಲದ ವರ್ಷಗಳಲ್ಲೂ ಇಲ್ಲಿ ಸಪ್ತಶತಿಯ 13 ಅಧ್ಯಾಯಗಳ ಪಾರಾಯಣ ತಪ್ಪಿಲ್ಲವೆಂಬುದು ತಮಗೆ ತಿಳಿದದ್ದೇ. ಮೂಲಾ ನಕ್ಷತ್ರದಂದು ಸರಸ್ವತಿಯ ಮುಂದೆ ಮಕ್ಕಳ ಪುಸ್ತಕಗಳು, ಮಹಾನವಮಿಯಂದು ನೇಗಿಲು, ಕುಡುಗೋಲು, ಬಡಗಿಯ ಉಳಿ, ಈಚೆಗೆ ಆಟೋಗಳ ಸಾಲು, ವಿಜಯದಶಮಿಯಂದು ಅಕ್ಕಿಯ ಮೇಲೆ ಓಂಕಾರ ಬರೆಯುವ ಪುಟ್ಟ ಬೆರಳುಗಳು, ಸಂಜೆ ಬನ್ನಿಯ ವಿನಿಮಯ, ಎಲ್ಲವೂ ಹಿರಿಯರ ಕಾಲದಿಂದ ಸಾಂಗವಾಗಿ ನಡೆದುಬಂದಿವೆ. ಹೋದ ವರ್ಷ ಮಾತ್ರ ಪುಸ್ತಕಗಳನ್ನು ಪ್ಲಾಸ್ಟಿಕ್ ಹಾಳೆಯಡಿ ಇಟ್ಟು ಪೂಜಿಸಬೇಕಾಯಿತು.

ಗೆದ್ದಲು ತಿಂದ ಜಂತಿ, ರೀಪುಗಳನ್ನು ಬದಲಿಸಿ ಹೊಸ ಹಂಚು ಹೊದಿಸಲು ಸುಮಾರು ನಾಲ್ಕು ಲಕ್ಷ ರೂಪಾಯಿ ಬೇಕೆಂದು ಮೇಸ್ತ್ರಿಗಳ ಅಂದಾಜು. ಕೈಯಲ್ಲಿರುವುದು ಅದರ ಅರ್ಧಕ್ಕೂ ಕಡಿಮೆ. ಚಾವಣಿಗಿಂತ ಬೆಳ್ಳಿಯ ಪ್ರಭಾವಳಿ ಮೊದಲಾಗಲೆಂದು ತೀರ್ಮಾನಿಸಿದವರು ನಾವೇ ಎಂಬುದನ್ನು ಮುಚ್ಚಿಡುವುದಿಲ್ಲ. ಪಿತೃಪಕ್ಷದಲ್ಲಿ ಹೊಸ ಕೆಲಸ ಆರಂಭಿಸುವ ರೂಢಿಯಿಲ್ಲವಾದ್ದರಿಂದ ಭಾದ್ರಪದ ಹುಣ್ಣಿಮೆಗೆ ಮೊದಲೇ ಮರ ಬಂದಿಳಿಯಬೇಕಾಗಿದೆ. ಹಣ, ಮರ, ಹಂಚು ಅಥವಾ ಒಂದು ದಿನದ ಕೂಲಿ, ಯಾವ ರೂಪದಲ್ಲಾದರೂ ಯಥಾಶಕ್ತಿ ಕಾಣಿಕೆಯನ್ನು ದೇವಸ್ಥಾನದ ಕಚೇರಿಯಲ್ಲಿ ಸಲ್ಲಿಸಿ ರಸೀದಿ ಪಡೆಯಬೇಕಾಗಿ ವಿನಂತಿ.

ಇಂತು,
ಧರ್ಮದರ್ಶಿಗಳು