ಬೀಡಿ ಪಕ್ಕದಲ್ಲೇ ಬೀಟಾ ಕ್ಯಾರೊಟಿನ್!

ಮಾನ್ಯರೇ,

ನನ್ನ ಸೋದರಮಾವ ನಲವತ್ತು ವರ್ಷಗಳಿಂದ ಬೀಡಿ ಸೇದುತ್ತಾರೆ. ಕಳೆದ ವಾರ ಅವರ ಅಂಗಿ ಜೇಬಿನಲ್ಲಿ ಬೀಡಿ ಕಟ್ಟಿನ ಪಕ್ಕದಲ್ಲೇ ಬೀಟಾ ಕ್ಯಾರೊಟಿನ್ (ಕ್ಯಾರೆಟ್, ಸೊಪ್ಪುಗಳಲ್ಲಿರುವ, ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ಅಂಶ) ಮಾತ್ರೆಗಳು ಕಂಡವು. ‘ಹೊಗೆಯ ವಿಷವನ್ನೆಲ್ಲ ಇದು ತೊಳೆದುಬಿಡುತ್ತದಂತೆ’ ಎಂದರು. ಎದೆ ಧಸಕ್ಕೆಂದಿತು.

ಇದೇ ನಂಬಿಕೆಯನ್ನು ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರಲ್ಲಿ ಪರೀಕ್ಷಿಸಿದ್ದರು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚೇ ಇತ್ತು! ಬೀಟಾ ಕ್ಯಾರೊಟಿನ್ ಜತೆ ವಿಟಮಿನ್ ಎ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವನ್ನು 1996ರಲ್ಲಿ ಇದೇ ಕಾರಣಕ್ಕೆ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಇಂಥ ಮಾತ್ರೆಗಳ ಜಾಹೀರಾತುಗಳು, ಮಾತ್ರೆ ತಡೆಯುತ್ತದೆನ್ನುವ, ದೇಹದಲ್ಲಿ ಹುಟ್ಟುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳನ್ನು ಬರೀ ರಾಕ್ಷಸರಂತೆ ತೋರಿಸುತ್ತವೆ. ಅವು ಮಿತಿಮೀರಿದರೆ ಡಿಎನ್‌ಎಗೆ ಪೆಟ್ಟು ಬೀಳುವುದು ನಿಜ. ಆದರೆ ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಸೂಪರ್‌ಆಕ್ಸೈಡ್ ಎಂಬ ಇಂಥದೇ ಉಗ್ರ ಆಮ್ಲಜನಕದ ಕಣವನ್ನು ಬೇಕೆಂದೇ ತಯಾರಿಸುತ್ತವೆ. ಹುಟ್ಟಿನಿಂದಲೇ ಆ ಶಕ್ತಿ ಇಲ್ಲದ ಮಕ್ಕಳಿದ್ದಾರೆ. ಅವರ ಶ್ವಾಸಕೋಶ, ಯಕೃತ್ತು, ಚರ್ಮದಲ್ಲಿ ಮತ್ತೆ ಮತ್ತೆ ಕೀವು ಕಟ್ಟುತ್ತದೆ. ವ್ಯಾಯಾಮ ಮಾಡುವಾಗ ಸ್ನಾಯುಗಳಲ್ಲಿ ಹುಟ್ಟುವ ಇಂಥ ಕಣಗಳೂ ದೇಹಕ್ಕೆ ಬೇಕಾದ ಸಂದೇಶವನ್ನೇ ಒಯ್ಯುತ್ತವೆ.

ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಲು ಯಾರೂ ಹೆದರಬೇಕಿಲ್ಲ. ನನ್ನ ತಕರಾರು ಹೆಚ್ಚು ಪ್ರಮಾಣದ ಮಾತ್ರೆಗಳ ಬಗ್ಗೆ. ಮಾವನ ಮಾತ್ರೆ ಹಾಳೆಯ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹಿಡಿದು ಓದಿದೆ. ಧೂಮಪಾನಿಗಳಿಗೆ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ಆ ಸಾಲನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದಪ್ಪಗೆ ಮುದ್ರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಲಿ.

– ಓದುಗರೊಬ್ಬರು, ತಿಪಟೂರು