ಮಗಳಿಗೊಂದು ಪತ್ರ: ಭಾನುವಾರ ಸಂಜೆಯ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಮಾತು ಅರ್ಧಕ್ಕೇ ನಿಂತಿತು. ನೀನು ಬಾಗಿಲು ಹಾಕಿಕೊಂಡೆ, ನಾನು ಟೀವಿ ಸೌಂಡ್ ಜಾಸ್ತಿ ಮಾಡಿದೆ. ಇಬ್ಬರೂ ಒಂದೇ ಅಚ್ಚು ಅಂತ ನಿನ್ನಮ್ಮ ನಕ್ಕಳು. ಎದುರು ಕೂತು ಹೇಳಿದರೆ ಮತ್ತೆ ಜಗಳವೇ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಹೊರಡುವ ಮುಂಚೆ ಓದು. ಗೆಳತಿಯರ ಮುಂದೆ ಬೇಡ, ನಗುತ್ತಾರೆ.

ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಬೇಡ ಅನ್ನುವ ಪತ್ರ ಅಲ್ಲ ಇದು. ನಿನ್ನ ಪಟ್ಟಿ ನೋಡಿದೆ. ಕದ್ದು ನೋಡಲಿಲ್ಲ, ನೀನೇ ಟೇಬಲ್ ಮೇಲೆ ಬಿಟ್ಟಿದ್ದೆ. ಯಾರ ಬ್ಯಾಗಿನಲ್ಲಿ ಟಾರ್ಚು, ಯಾರ ಬ್ಯಾಗಿನಲ್ಲಿ ಬ್ಯಾಂಡೇಜು, ಕಾಡಿನ ದಾರಿಗೆ ಅನುಮತಿ ಬೇಕೋ ಬೇಡವೋ, ನೆಟ್‌ವರ್ಕ್ ಸಿಗದ ಕಡೆ ನೋಡಲು ಮೊದಲೇ ಡೌನ್‌ಲೋಡ್ ಮಾಡಿದ ಮ್ಯಾಪು, ಎಲ್ಲ ಬರೆದಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನು ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಹೆಮ್ಮೆ ಆಯಿತು, ನಿಜವಾಗಲೂ. ಆದರೆ ಬಾಯಿಗೆ ಮೊದಲು ಬಂದದ್ದು ಭಾನುವಾರದ ಮಾತು. ಅಲ್ಲಿಂದಲೇ ಜಗಳ ಶುರುವಾಯಿತು, ಅಲ್ವಾ?

ನಿನ್ನ ಪಟ್ಟಿಯಲ್ಲಿ ಶನಿವಾರವೆಲ್ಲ ಸುತ್ತಾಟ, ಫೋಟೊ, ಹರಟೆ. ದೊಡ್ಡ ನಡಿಗೆ ಭಾನುವಾರಕ್ಕೆ. ಹತ್ತು ಗಂಟೆಗೆ ಹತ್ತಲು ಶುರು, ಒಂದು ಗಂಟೆಗೆ ಕೆಳಗೆ, ಊಟ, ಕಾರು, ರಾತ್ರಿ ಮನೆ. ಸೋಮವಾರ ಬೆಳಿಗ್ಗೆ ಆಫೀಸು. ಒಂದು ನಿಮಿಷವೂ ಖಾಲಿ ಇಲ್ಲ. ನನಗೆ ಹೆದರಿಕೆ ಬೆಟ್ಟದ್ದಲ್ಲ, ಕಾಡಿನದ್ದೂ ಅಲ್ಲ. ಆ ಸೋಮವಾರದ್ದು.

ಹಳ್ಳದ ಕಥೆ ನಿನಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಮಾವ ಪ್ರತಿ ಮದುವೆಯಲ್ಲೂ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ಅವನ ಶೂ ತೇಲಿಹೋದದ್ದು, ಅವನು ಕಿರುಚಿದ್ದು, ನೀನು ದಡದಲ್ಲಿ ಚಪ್ಪಾಳೆ ತಟ್ಟಿದ್ದು. ನೀನಾಗ ತೀರಾ ಚಿಕ್ಕವಳು. ನಿನಗೆ ಅದು ಆಟ. ಜಗಳ ಬಂದಾಗಲೆಲ್ಲ ನೀನು ಎತ್ತುವ ಮಾತು ಬೇರೆ, 'ಅವತ್ತು ನನ್ನ ಕೈ ಕೆಂಪಾಗುವ ಹಾಗೆ ಹಿಡಿದಿದ್ದೆ' ಅಂತ. ಹೌದು, ಹಿಡಿದಿದ್ದೆ. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಮಾವ ತನ್ನ ಕಥೆಯಲ್ಲಿ ಬಿಟ್ಟುಬಿಡುವುದು ಒಂದಿದೆ. ಬೆಳಿಗ್ಗೆ ನಾವು ಆ ಹಳ್ಳ ದಾಟಿದಾಗ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಸಂಜೆ ಬಂದು ನೋಡಿದರೆ ಮೊಣಕಾಲಿನ ಮೇಲೆ. ನಾವಿದ್ದ ಕಡೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಮೇಲೆ ಎಲ್ಲೋ ಸುರಿದಿತ್ತು. ನೀರಿನ ಬಣ್ಣ ಚಹಾದ ಹಾಗಾಗಿತ್ತು, ಎಲೆ, ಕಡ್ಡಿ, ಪುಟ್ಟ ಕೊಂಬೆಗಳು ತೇಲಿ ಬರುತ್ತಿದ್ದವು. 'ಸ್ವಲ್ಪ ಕೂರೋಣ' ಅಂದೆ. ಮಾವ ಗಡಿಯಾರ ನೋಡಿದ. 'ನಾಳೆ ಬೆಳಿಗ್ಗೆ ಡ್ಯೂಟಿ ಇದೆ ಭಾವಾ' ಅಂದು ಇಳಿದೇಬಿಟ್ಟ. ಮೂರು ಹೆಜ್ಜೆ ಇಟ್ಟನೋ ಇಲ್ಲವೋ.

ಅಲ್ಲೊಂದು ತಿರುವಿತ್ತು. ನೀರು ಅವನನ್ನು ಮರಳು ದಿಬ್ಬಕ್ಕೆ ತಳ್ಳಿತು. ಅದಕ್ಕೂ ಕೆಳಗೆ ಹಳ್ಳಕ್ಕೆ ಅಡ್ಡಲಾಗಿ ಒಂದು ಮರ ಬಿದ್ದಿತ್ತು. ಬಿದ್ದ ಮರ ಹಿಡಿದುಕೊಂಡರೆ ಬದುಕುತ್ತೇವೆ ಅಂತ ಜನ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ನೀರು ಕೊಂಬೆಗಳ ಸಂದಿಯಲ್ಲಿ ನುಗ್ಗಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ, ಹಿಂದಿನಿಂದ ನೀರು ಒತ್ತುತ್ತಲೇ ಇರುತ್ತದೆ. ಆ ಮರವನ್ನು ಅವತ್ತು ನೋಡಿದವನು ನಾನೊಬ್ಬನೇ. ಮಾವನಿಗೆ ಇವತ್ತಿಗೂ ಹೇಳಿಲ್ಲ. ನಿನ್ನ ಕೈ ಕೆಂಪಾದದ್ದು ಆಗ.

ಎರಡು ತಾಸು ಕಾದೆವು. ನೀರು ತಾನಾಗಿಯೇ ಇಳಿಯಿತು. ಸಣ್ಣ ಬೆಟ್ಟದ ಹಳ್ಳಗಳು ಹಾಗೇ, ಬೇಗ ಏರುತ್ತವೆ, ಮೇಲೆ ಮಳೆ ನಿಂತರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಆ ಡ್ಯೂಟಿಗೆ ಮಾವ ಹೋಗಲೇ ಇಲ್ಲ. ಮಂಡಿಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ.

ನೋಡು, ಹೇಳುವುದಿಲ್ಲ ಅಂದವನು ಪೂರ್ತಿ ಹೇಳಿದೆ.

ಈಗ ನಿನ್ನ ಮೂರು ಗಂಟೆಯ ಲೆಕ್ಕಕ್ಕೆ ಬರೋಣ. 1892ರಲ್ಲಿ ವಿಲಿಯಂ ನೈಸ್ಮಿತ್ ಅಂತ ಸ್ಕಾಟ್ಲೆಂಡಿನ ಒಬ್ಬ ಬೆಟ್ಟ ಹತ್ತುವವನು ಒಂದು ಸೂತ್ರ ಕೊಟ್ಟ. ಇವತ್ತಿಗೂ ಜನ ಬಳಸುತ್ತಾರೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿನ್ನ ದಾರಿ ಹೋಗಿ ಬರಲು 10 ಕಿ.ಮೀ., ಏರು 900 ಮೀಟರ್ ಅಂತ ನೀನೇ ಬರೆದಿದ್ದೀಯ. ಎರಡು ಗಂಟೆ, ಜೊತೆಗೆ ಒಂದೂವರೆ. ಮೂರೂವರೆ ಆಯಿತು. ಅದೂ ದಿನಾ ನಡೆಯುವವರಿಗೆ, ಎಲ್ಲೂ ಕೂರದೆ. ನಿಮ್ಮ ಗುಂಪಿನಲ್ಲಿ ಒಬ್ಬಳಿಗೆ ಹೊಸ ಶೂ, ಇನ್ನೊಬ್ಬಳಿಗೆ ಸಿಕ್ಕ ಹೂವಿನದೆಲ್ಲ ಫೋಟೊ ಬೇಕು. ಐದು ಗಂಟೆ ಇಟ್ಟುಕೋ. ಗುಂಪು ನಡೆಯುವುದು ಎಲ್ಲರಿಗಿಂತ ನಿಧಾನವಾದವಳ ಕಾಲಲ್ಲಿ.

ಹತ್ತಕ್ಕೆ ಹೊರಟರೆ ಇಳಿಯುವಷ್ಟರಲ್ಲಿ ಮೂರು ಗಂಟೆ. ಬೆಟ್ಟಗಳಲ್ಲಿ ಗುಡುಗು ಮಳೆ ಮಧ್ಯಾಹ್ನದ ಮೇಲೇ ಜಾಸ್ತಿ. ಬೆಳಗಿನ ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ನೀನು ಬೆಟ್ಟದ ಪೂರ್ವದ ಇಳಿಜಾರಿನಲ್ಲಿದ್ದರೆ ಮ್ಯಾಪಿನಲ್ಲಿ ಬರೆದ ಸೂರ್ಯಾಸ್ತದ ಹೊತ್ತನ್ನು ನಂಬಬೇಡ. ಸೂರ್ಯ ಅದಕ್ಕೆ ಎಷ್ಟೋ ಮುಂಚೆ ಬೆಟ್ಟದ ಹಿಂದೆ ಹೋಗಿರುತ್ತಾನೆ. ಮರದ ಕೆಳಗಂತೂ ಇನ್ನೂ ಬೇಗ ಕತ್ತಲು. ಚಳಿಯ ಲೆಕ್ಕವೂ ಇದೆ. 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಕಮ್ಮಿ, ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ನಡುಕ ಬರುತ್ತದೆ. ಕಾಟನ್ ಟೀ ಶರ್ಟ್ ಬೇಗ ಒಣಗುವುದಿಲ್ಲ. ಇದನ್ನು ನೀನು ಬರೆದಿಲ್ಲ, ಒಂದು ಸ್ವೆಟರ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೋ.

ಅದಕ್ಕೇ ನಾನು ಹೇಳಿದ್ದು, ದೊಡ್ಡ ನಡಿಗೆ ಶನಿವಾರವೇ ಮುಗಿಸಿ ಅಂತ. ತಡವಾದರೂ ರಾತ್ರಿ ಅಲ್ಲೇ ತಂಗುತ್ತೀರಿ, ಓಡಿಬರುವ ಅವಸರ ಇಲ್ಲ. ಭಾನುವಾರ ಫೋಟೊ ತೆಗೆದುಕೊಂಡು ಆರಾಮಾಗಿ ಬನ್ನಿ. ನೀನು ಇದನ್ನು 'ಅಪ್ಪನ ಪ್ಲಾನ್' ಅಂತ ತಳ್ಳಿಹಾಕಿದೆ. ಯಾರ ಪ್ಲಾನ್ ಆದರೂ ಇರಲಿ, ಇನ್ನೊಮ್ಮೆ ನೋಡು. ಶನಿವಾರ ಆಗದಿದ್ದರೆ ಭಾನುವಾರ ಬೆಳಕು ಹರಿದ ಕೂಡಲೇ ಹೊರಡಿ. ವಾಪಸ್ ತಿರುಗುವ ಹೊತ್ತನ್ನು ಕೆಳಗಿರುವಾಗಲೇ ಗೊತ್ತು ಮಾಡಿಕೊಳ್ಳಿ. ತುದಿ ಸಿಗಲಿ ಬಿಡಲಿ, ಆ ಹೊತ್ತಿಗೆ ತಿರುಗಬೇಕು. ಮೇಲೆ ಹೋದಮೇಲೆ 'ಇನ್ನು ಹತ್ತೇ ನಿಮಿಷ' ಅನ್ನುವ ಒಬ್ಬಳು ಎಲ್ಲ ಗುಂಪಿನಲ್ಲೂ ಇರುತ್ತಾಳೆ. ನಿಮ್ಮ ಗುಂಪಿನಲ್ಲಿ ಅದು ನೀನೇ ಅಂತ ನನ್ನ ಅನುಮಾನ.

ಮತ್ತೆ ಹಳ್ಳಕ್ಕೇ ಬರುತ್ತೇನೆ, ಬೈಕೋಬೇಡ. ನೀರಿನ ವೇಗ ಎರಡು ಪಟ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದ ತಾನೇ ಅಂತ ಕಣ್ಣಳತೆಯಲ್ಲಿ ನೋಡಬಾರದು. ತಳ ಕಾಣದ ನೀರಿಗೆ ಇಳಿಯಬೇಡ. ಜಲಪಾತದ ತಲೆಯ ಹತ್ತಿರ ದಾಟಲೇಬೇಡ. ನೀರು ಏರಿದ್ದರೆ ದಡದಿಂದ ದೂರ, ಎತ್ತರದಲ್ಲಿ ಕೂತುಕೊಳ್ಳಿ. ಬೆಳಿಗ್ಗೆ ಸಲೀಸಾಗಿ ದಾಟುವಾಗಲೂ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ, ಬಿದ್ದರೆ ಬ್ಯಾಗು ಕಳಚಿ ಎಸೆಯಲು ಆಗಬೇಕು. ದಾರಿ ತಪ್ಪಿದರೆ ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಅನ್ನುವವರ ಮಾತು ಕೇಳಬೇಡ. ಹಳ್ಳಕ್ಕೆ ಊರಿಗಿಂತ ಮೊದಲು ಸಿಗುವುದು ಬಂಡೆ, ಪ್ರಪಾತ. ಇದ್ದಲ್ಲೇ ನಿಲ್ಲು, ಸೀಟಿ ಊದು. ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಬಿಟ್ಟು ಮತ್ತೆ ಆರು. ಬೆಟ್ಟ ಹತ್ತುವವರಲ್ಲಿ ಸಹಾಯ ಕೇಳುವ ರೀತಿ ಅದು. ಫೋನ್ ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಬ್ಯಾಟರಿ ತಿಂದುಹಾಕುತ್ತದೆ, ನಡೆಯುವಾಗ ಏರೋಪ್ಲೇನ್ ಮೋಡಿಗೆ ಹಾಕಿಡು.

ಸರಿ, ಪಾಠ ಜಾಸ್ತಿ ಆಯಿತು. ನಿನ್ನಮ್ಮ ಪಕ್ಕದಲ್ಲಿ ನಿಂತು 'ಪತ್ರವೋ ಪ್ರಶ್ನೆಪತ್ರಿಕೆಯೋ' ಅಂತ ಕೇಳುತ್ತಿದ್ದಾಳೆ. ನಿನ್ನೆ ದನಿ ಏರಿಸಿದ್ದಕ್ಕೆ ಬೇಜಾರಿದೆ ಪುಟ್ಟಿ. ಹೇಳಿದ ವಿಷಯಕ್ಕೆ ಇಲ್ಲ. ನೀನು ಅಳತೆ ತಿಳಿದವಳು, ನನಗಿಂತ ಚೆನ್ನಾಗಿ ಯೋಚನೆ ಮಾಡುತ್ತೀಯ, ಅದು ನನಗೆ ಗೊತ್ತು. ಆದರೆ ಯೋಚನೆ ಮಾಡುವವರನ್ನೂ ಭಾನುವಾರ ಸಂಜೆ ಅವಸರ ಮಾಡಿಸುತ್ತದೆ. ಮಾವ ಏನು ದಡ್ಡನಾ? ಒಂದು ದಿನ ಆಫೀಸು ತಪ್ಪಿದರೆ ತಪ್ಪಲಿ. ಬೇಕಾದರೆ ನಿನ್ನ ಬಾಸ್‌ಗೆ ನಾನೇ ಫೋನ್ ಮಾಡುತ್ತೇನೆ. ಹಾಗಂದ ತಕ್ಷಣ ನಿನ್ನ ಮುಖ ಹೇಗಾಗುತ್ತದೆ ಅಂತ ಗೊತ್ತು. ಮಾಡುವುದಿಲ್ಲ.

ಒಂದೇ ಒಂದು ಕೆಲಸ ಮಾಡಿ ಹೋಗು. ಎರಡು ಹೊತ್ತು ಬರೆದು ಫ್ರಿಜ್ಜಿನ ಮೇಲೆ ಅಂಟಿಸು. ಬೆಟ್ಟ ಇಳಿದು ಫೋನ್ ಮಾಡುವ ಹೊತ್ತು ಒಂದು. ಅದು ದಾಟಿದರೂ ನಾನು ಯಾರಿಗೂ ಹೇಳದೆ ಸುಮ್ನೆ ಕಾಯಬೇಕಾದ ಕೊನೆಯ ಹೊತ್ತು ಇನ್ನೊಂದು. ಅದರ ಕೆಳಗೆ ಆ ಕಡೆಯ ಅರಣ್ಯ ಕಚೇರಿಯ ನಂಬರು, ನೀವು ಹೋಗುವ ದಾರಿಯ ಹೆಸರು. ಎರಡರ ನಡುವೆ ಮೂರು ಗಂಟೆಯಾದರೂ ಬಿಡು. ಅಷ್ಟು ಹೊತ್ತು ನಾನು ಸುಮ್ನೆ ಇರುತ್ತೇನೆ. ನಿನ್ನಮ್ಮನ ಬಗ್ಗೆ ಮಾತು ಕೊಡಲಾರೆ.

ಇಂತಿ,
ನಿನ್ನ ಅಪ್ಪ

ಟಾರ್ಚಿನ ಸೆಲ್ ಬದಲಿಸಿದ್ದೇನೆ, ಹಳೆಯದು ಮಂಕಾಗಿತ್ತು. ಬಿದ್ದ ಮರದ ವಿಷಯ ಮಾವನಿಗೆ ಹೇಳಬೇಡ.