ಇರುವ ಇಂಕು ಮೊದಲು ಮುಗಿಸೋಣ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಬಹಳ ಜನರ ಕಪಾಟಿನಲ್ಲಿ ಫೌಂಟನ್ ಪೆನ್ನಿನ ಇಂಕಿನ ಬಾಟಲಿಗಳು ತುಂಬಿ ಕೂತಿವೆ. ಒಂದು ಕನ್ವರ್ಟರಿಗೆ (ಪೆನ್ನಿನೊಳಗೆ ಇಂಕು ತುಂಬಿಡುವ ಸಣ್ಣ ಕೊಳವೆ) ಹಿಡಿಯುವುದು ಸಾಮಾನ್ಯವಾಗಿ 1 ಎಂಎಲ್‌ಗಿಂತ ಕಡಿಮೆ. 60 ಎಂಎಲ್ ಬ್ರಿಲ್ ಬಾಟಲಿ ಒಂದೇ ಇದ್ದರೂ ತಿಂಗಳುಗಟ್ಟಲೆ ಬರೆಯಬಹುದು. ಹಾಗಾಗಿ ಹೊಸದು ಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸೋಣ, ಅಲ್ವಾ?

ಹಳೆಯ ಬಾಟಲಿಯಿಂದ ಶುರು ಮಾಡಿ. ಮುಚ್ಚಳ ತೆಗೆದು ಬೆಳಕಿನಲ್ಲಿ ನೋಡಿ. ಮೇಲೆ ಪೊರೆ ಕಟ್ಟಿದ್ದರೆ, ಎಳೆಎಳೆಯಾಗಿ ಬೂಸ್ಟು ತೇಲುತ್ತಿದ್ದರೆ, ಕೊಳೆತ ವಾಸನೆ ಬಂದರೆ ಪೆನ್ನಿಗೆ ಹಾಕಲೇಬೇಡಿ. ಫೀಡಿಗೆ (ನಿಬ್ಬಿನ ಕೆಳಗೆ ಇಂಕು ಹರಿಸುವ ಭಾಗ) ಬೂಸ್ಟು ಹತ್ತಿದರೆ ಬಿಡಿಸುವುದು ತುಂಬಾ ಕಷ್ಟ. ತಳದಲ್ಲಿ ನಿಬ್ಬು ಮುಳುಗದಷ್ಟು ಉಳಿದಿದ್ದರೆ ಸಿರಿಂಜಿನಲ್ಲಿ ಎಳೆದು ಕನ್ವರ್ಟರಿಗೆ ತುಂಬಿಸಿ.

ಉಳಿದದ್ದನ್ನೆಲ್ಲ ಸುಮ್ನೆ ಒಂದೇ ಬಾಟಲಿಗೆ ಸುರಿಯಬೇಡಿ. ಗಾಜಿನ ಸೀಸೆಯಲ್ಲಿ ಕೆಲವು ಹನಿ ಬೆರೆಸಿ ಒಂದೆರಡು ದಿನ ಬಿಡಿ. ಗಸಿ ಕೂತರೆ ಆ ಜೋಡಿ ಬೇಡ. ಐರನ್ ಗಾಲ್ (ಕಬ್ಬಿಣದ ಅಂಶವಿರುವ), ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ) ಇಂಕುಗಳನ್ನಂತೂ ಬೆರೆಸಲೇಬೇಡಿ. ಅವು ಪೆನ್ನಿನಲ್ಲಿ ಒಣಗಲೂಬಾರದು.

ನಿಮಗೆ ಒಗ್ಗದ ಬಣ್ಣ ಇನ್ನೊಬ್ಬರಿಗೆ ಇಷ್ಟವಾಗಬಹುದು. ಕೊಡಲು ಮನಸ್ಸಿದ್ದರೆ ಬಾಟಲಿಯ ಫೋಟೋ ಜೊತೆ ಆ ಇಂಕಿನಲ್ಲೇ ಬರೆದ ಒಂದು ಸಾಲನ್ನೂ ಇಲ್ಲಿ ಹಾಕಿ. ಬಾಟಲಿಯಲ್ಲಿ ಕಾಣುವ ಬಣ್ಣ ಕಾಗದದ ಮೇಲೆ ಬೇರೆಯೇ ಇರುತ್ತದೆ.